ಬ್ಯಾಡಗಿ ಎಂಬ ಮೀನು, ಒಂದು ಹಳೇ ಲ್ಯಾಪ್‌ಟಾಪ್

ಪಾಡ್ಯದ ಸಂಜೆ ಹಬ್ಬದ ನೆಂಟರೆಲ್ಲ ರಾಣೆಬೆನ್ನೂರಿನ ಬಸ್ ಹತ್ತಿ ಹೋದರು. ಮರುದಿನ ಮುಂಜಾನೆ ನಾನು ಅಂಗಳ ಗುಡಿಸುತ್ತಿದ್ದಾಗ ಪಡಸಾಲೆಯಿಂದ ಮಗನ ದನಿ ಕೇಳಿತು.

‘ಯವ್ವಾ, ಬ್ಯಾಡಗಿ ಅಡ್ಡ ಮಲಗೈತಿ ನೋಡ.’

ಕಸಬರಿಗೆ ಅಲ್ಲೇ ಬಿಟ್ಟು ಒಳಗೆ ಓಡಿದೆ. ಗಾಜಿನ ತೊಟ್ಟಿಯ ನೀರಿನ ಮೇಲೆ ನಮ್ಮ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಕಣ್ಣು ತೆರೆದೇ ಇತ್ತು. ಮೀನಿಗೆ ರೆಪ್ಪೆ ಇರುವುದಿಲ್ಲವಲ್ಲ, ಹಾಗಾಗಿ ಸತ್ತಿದ್ದು ಗೊತ್ತಾಗದೆ ಮಗ ಬೆರಳಿನಿಂದ ಗಾಜು ತಟ್ಟುತ್ತಲೇ ಇದ್ದ. ಅವನಿಗೆ ಹತ್ತು ವರ್ಷ. ಮನೆಯಲ್ಲಿ ಅವನು ಕಂಡ ಮೊದಲ ಸಾವು ಅದು.

ಎಂಟು ತಿಂಗಳ ಹಿಂದೆ ರಾಣೆಬೆನ್ನೂರಿನಿಂದ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗೋಲ್ಡ್‌ಫಿಶ್ ಅದು. ಹೆಸರು ಗೋಲ್ಡ್ ಆದರೂ ಬಣ್ಣ ಬಂಗಾರದ್ದಲ್ಲ, ಒಣಮೆಣಸಿನಕಾಯಿಯದು. ಅದಕ್ಕೇ ಮಗ ‘ಬ್ಯಾಡಗಿ’ ಎಂದು ಹೆಸರಿಟ್ಟ. ಬ್ಯಾಡಗಿ ಮೆಣಸಿನಕಾಯಿಯ ಹಾಗೆಯೇ ಕೆಂಪು ಬಹಳ, ಖಾರ ಕಡಿಮೆ! ಯಾರು ತೊಟ್ಟಿಯ ಹತ್ತಿರ ಬಂದರೂ ಬಾಯಿ ತೆರೆದು ಮೇಲಕ್ಕೆ ಬರುವ ಮೀನು.

ಮಧ್ಯಾಹ್ನ ಕರಿಬೇವಿನ ಗಿಡದ ಬುಡದಲ್ಲಿ ಹೂತೆವು. ಹೊಳೆಗೆ ಬಿಟ್ಟರಾಯಿತು ಎಂದು ಪಕ್ಕದ ಮನೆಯವರು ಹೇಳಿದರು. ಸಾಕಿದ ಮೀನು ಬದುಕಿರಲಿ, ಸತ್ತಿರಲಿ, ಹೊಳೆಗೂ ಕೆರೆಗೂ ಬಿಡಬಾರದು. ಅದರ ರೋಗ ಅಲ್ಲಿಯ ಮೀನುಗಳಿಗೆ ಹತ್ತಬಹುದು. ಬದುಕಿದ ಗೋಲ್ಡ್‌ಫಿಶ್ ಕೆರೆಗೆ ಬಿದ್ದರೆ ದೊಡ್ಡದಾಗಿ ಬೆಳೆದು ಊರಿನ ಮೀನುಗಳ ಅನ್ನಕ್ಕೇ ಕೈ ಹಾಕುತ್ತದೆ.

‘ಮೀನಿಗೂ ಸಮಾಧಿ ಕಟ್ತಾರೇನು?’ ಎಂದು ಮಗ ಕೇಳಿದ. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಹೊಳೆಯ ಮೀನುಗಳಿಗೆ ಯಾರೋ ವಿಷ ಹಾಕಿ ಕೊಂದಾಗ, ಅವುಗಳ ನೆನಪಿಗೆ ಜನ ಸ್ಮಾರಕ ಕಟ್ಟಿಸಿದ್ದನ್ನು ಹೇಳಿದೆ. ಅವನು ಎದ್ದು ಹೋಗಿ ಮೂರು ಕಲ್ಲು ತಂದು ಇಟ್ಟ.

ಆಮೇಲೆ ಎರಡು ದಿನ ಅವನು ಮೀನಿನ ಮಾತೇ ಆಡಲಿಲ್ಲ. ಮೂರನೇ ದಿನ ರಾತ್ರಿ ಹಾಸಿಗೆಯಲ್ಲಿ ನನಗೆ ಬೆನ್ನು ಮಾಡಿ ಮಲಗಿದವನು ಮೆಲ್ಲಗೆ, ‘ಹಬ್ಬದಾಗ ಎಲ್ಲಾರೂ ತಿನ್ನಾಕ ಹಾಕಿದ್ರು. ನಾ ಬ್ಯಾಡ ಅನಲಿಲ್ಲ’ ಎಂದ.

ನಾನು ಏನೂ ಹೇಳಲಿಲ್ಲ. ನನಗೂ ಹೇಳಬೇಕಾದದ್ದು ಒಂದಿತ್ತು. ಆದರೆ ಹೇಳಲಿಲ್ಲ.

ಪುಕ್ಕಟೆಯ ಮೀನು

ನನ್ನ ತಮ್ಮ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ನಮಗೆ ಕೊಟ್ಟಿದ್ದ. ಅದು ಕಪಾಟಿನ ಮೇಲೆ ಸೀರೆಗಳ ಜೊತೆ ಮಲಗಿತ್ತು. ಹುಡುಗನ ಮನಸ್ಸು ಬೇರೆ ಕಡೆ ಹೊರಳಲಿ ಎಂದು ಅದನ್ನು ಇಳಿಸಿದೆ. ಮೊಬೈಲಿನಿಂದ ಇಂಟರ್ನೆಟ್ ಕೊಟ್ಟು, ಪರದೆಯ ಮೇಲೆ ಮೀನು ಈಜಾಡುವ ಒಂದು ‘ಫ್ರೀ’ ತಂತ್ರಾಂಶ ಹಾಕಿಕೊಂಡೆ.

ಮೀನುಗಳು ಬಂದವು. ಅವುಗಳ ಹಿಂದೆಯೇ ಜಾಹೀರಾತುಗಳೂ ಬಂದವು. ಸಾಲ ಬೇಕೇ, ರಮ್ಮಿ ಆಡುವಿರಾ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ... ಮೂರು ಮೀನು ಬಿಟ್ಟು ನಾಲ್ಕನೆಯದಕ್ಕೆ ದುಡ್ಡು ಕೊಡಬೇಕಂತೆ. ಎಂಟನೇ ತರಗತಿಯ ಮಗಳು ನೋಡಿ ನಕ್ಕಳು. ‘ಅವ್ವಾ, ಇದು ಪುಕ್ಕಟೆ ಅಲ್ಲ, ಗಾಳ!’

ಇಂಗ್ಲಿಷಿನ ‘ಫ್ರೀ’ ಎಂಬ ಪದದಲ್ಲೇ ಈ ಗೊಂದಲ ಇದೆ. ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ: ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ‘ಗ್ನೂ’ ಯೋಜನೆಯನ್ನು ಘೋಷಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಎರಡನೆಯದು. ತಂತ್ರಾಂಶವನ್ನು ಯಾರಾದರೂ ಬಳಸಬಹುದು, ಒಳಗೆ ಏನಿದೆ ಎಂದು ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಅಡುಗೆಯ ಜೊತೆಗೆ ಅಡುಗೆಯ ವಿಧಾನವನ್ನೂ ಕೊಟ್ಟ ಹಾಗೆ. 1991ರಲ್ಲಿ ಫಿನ್‌ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆದ ಲಿನಕ್ಸ್ ಈ ಹಾದಿಗೆ ಬಲ ಕೊಟ್ಟಿತು. ಹಳೇ ಲ್ಯಾಪ್‌ಟಾಪಿಗೆ ಹಗುರವಾದ ಲಿನಕ್ಸ್ ಹಾಕಿದರೆ ಅದು ಮತ್ತೆ ಲವಲವಿಕೆಯಿಂದ ಓಡುತ್ತದೆ ಎಂದು ತಮ್ಮ ಫೋನಿನಲ್ಲಿ ಹೇಳಿದ. ಒಂದು ಭಾನುವಾರ ಅವನೇ ಬಂದು ಹಾಕಿಕೊಟ್ಟ. ಅದರ ಜೊತೆ ಮಕ್ಕಳಿಗಾಗಿ ಮೂರು ಸಾಧನಗಳನ್ನೂ ಇಳಿಸಿಕೊಟ್ಟು ಹೋದ.

ಪೆಂಗ್ವಿನ್ ಜೊತೆ ಜಗಳ

ಮೊದಲು ತೆರೆದದ್ದು ‘ಟಕ್ಸ್ ಪೇಂಟ್’. ಸಣ್ಣ ಮಕ್ಕಳಿಗಾಗಿಯೇ ಬಿಲ್ ಕೆಂಡ್ರಿಕ್ ಎಂಬುವರು 2002ರಲ್ಲಿ ಶುರು ಮಾಡಿದ ಚಿತ್ರ ಬರೆಯುವ ಸಾಧನ ಇದು. ಕನ್ನಡದಲ್ಲೂ ಸಿಗುತ್ತದೆ. ದೊಡ್ಡ ದೊಡ್ಡ ಗುಂಡಿಗಳು, ಪ್ರತಿ ಕುಂಚಕ್ಕೂ ಒಂದು ಸದ್ದು. ಚಿತ್ರ ಉಳಿಸುವಾಗ ಹೆಸರು ಕೇಳಿ ಕಾಡುವುದಿಲ್ಲ; ತೆರೆಯುವಾಗ ಬರೆದ ಚಿತ್ರಗಳನ್ನೇ ಚಿಕ್ಕದಾಗಿ ಸಾಲಾಗಿ ತೋರಿಸುತ್ತದೆ. ಓದು ಬಾರದ ಮಗುವೂ ತನ್ನ ಚಿತ್ರವನ್ನು ಹುಡುಕಿಕೊಳ್ಳಬಹುದು.

ಪರದೆಯ ಕೆಳಗೆ ಒಂದು ಪೆಂಗ್ವಿನ್ ನಿಂತು ಸಲಹೆ ಕೊಡುತ್ತಿರುತ್ತದೆ. ಅದೇ ಟಕ್ಸ್, ಲಿನಕ್ಸ್‌ನ ಗುರುತು. 1996ರಲ್ಲಿ ಲ್ಯಾರಿ ಯೂಯಿಂಗ್ ಬರೆದ ಚಿತ್ರ. ಮಗ ಒಂದು ಗಳಿಗೆ ಅದನ್ನೇ ನೋಡಿದ.

‘ಪೆಂಗ್ವಿನ್ ಏನು ತಿಂತೈತಿ?’

‘ಮೀನು’ ಎಂದಳು ಅಕ್ಕ, ಯೋಚಿಸದೆ.

ಲ್ಯಾಪ್‌ಟಾಪ್ ಮುಚ್ಚಿ ಎದ್ದ. ‘ಇದರ ಮುಂದ ನಾ ಬ್ಯಾಡಗೀನ ಬರಿಯಾಂಗಿಲ್ಲ.’

ಸಿಟ್ಟು ಅರ್ಧ ದಿನ ಇತ್ತು. ಸಂಜೆಗೆ ತಾನೇ ಬಂದು ಕುಳಿತ. ಬ್ಯಾಡಗಿಯನ್ನು ಪೆಂಗ್ವಿನ್‌ನಿಂದ ಆದಷ್ಟು ದೂರ, ಹಾಳೆಯ ಮೇಲಿನ ಮೂಲೆಯಲ್ಲಿ ಬರೆದ. ನಾಲ್ಕು ದಿನದಲ್ಲಿ ಹದಿನಾಲ್ಕು ಬ್ಯಾಡಗಿಗಳಾದವು. ಕಾಗದ, ಬಣ್ಣ ಒಂದೂ ಖರ್ಚಾಗಲಿಲ್ಲ. ಆದರೆ ಹದಿನೈದನೆಯದು ಬರೆಯಲಿಲ್ಲ. ‘ಇದು ಅಲ್ಲಾಡಾಂಗಿಲ್ಲ’ ಎಂದ.

ಗೋಡೆಗೆ ತಾಗಿ ಮಗುಚಿದ ಮೀನು

ಅಲ್ಲಾಡುವ ಮೀನು ಬೇಕೆಂದರೆ ‘ಸ್ಕ್ರ್ಯಾಚ್’ ಇದೆ ಎಂದು ಮಗಳು ಮುಂದೆ ಬಂದಳು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಅವರ ತಂಡ ಮಕ್ಕಳಿಗಾಗಿ ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿದ ಸಾಧನ ಅದು. ಇಲ್ಲಿ ಪ್ರೋಗ್ರಾಮ್ ಎಂದರೆ ಸಾಲುಗಟ್ಟಲೆ ಇಂಗ್ಲಿಷ್ ಟೈಪು ಮಾಡುವುದಲ್ಲ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸುವುದು. ‘ಹತ್ತು ಹೆಜ್ಜೆ ಮುಂದೆ ಹೋಗು’ ಒಂದು ತುಂಡು. ‘ಅಂಚಿಗೆ ತಾಗಿದರೆ ತಿರುಗು’ ಇನ್ನೊಂದು. ಇವೆರಡನ್ನೂ ‘ಸದಾ ಮಾಡುತ್ತಿರು’ ಎಂಬ ತುಂಡಿನ ಬಾಯೊಳಗೆ ಇಟ್ಟರೆ ಚಿತ್ರ ಓಡಾಡುತ್ತದೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮಂಥ ಹಳ್ಳಿಯ ಮನೆಗೆ ಅದು ದೊಡ್ಡ ಅನುಕೂಲ.

ಸ್ಕ್ರ್ಯಾಚ್‌ನ ಚಿತ್ರಭಂಡಾರದಲ್ಲಿ ಮೀನೂ ಇದೆ, ನೀರಿನೊಳಗಿನ ದೃಶ್ಯವೂ ಇದೆ. ಮಗ ಅಲ್ಲಿನ ಮೀನನ್ನು ಒಪ್ಪದೆ ತಾನೇ ಕೆಂಪು ಬಣ್ಣದ್ದು ಬರೆದ. ಹಸಿರು ಬಾವುಟ ಒತ್ತಿದ. ಬ್ಯಾಡಗಿ ಎಡದಿಂದ ಬಲಕ್ಕೆ ಸರಾಗವಾಗಿ ಈಜಿತು. ಅವನ ಮುಖ ಅರಳಿತು. ಮೀನು ಬಲಗಡೆಯ ಅಂಚಿಗೆ ತಾಗಿತು.

ತಾಗಿದ್ದೇ ತಡ, ಹೊಟ್ಟೆ ಮೇಲೆ ಮಾಡಿ ಮಗುಚಿಕೊಂಡಿತು. ಹಾಗೇ ಹಿಂದಕ್ಕೆ ಬರತೊಡಗಿತು.

ಮಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆ ನಾಲ್ಕೈದು ದಿನ ಬಾರದ ಅಳು ಅವತ್ತು ಬಂತು. ಮಗಳು ಗಾಬರಿಯಾಗಿ ಗುಂಡಿ ಹುಡುಕಿದಳು. ಇದು ಸ್ಕ್ರ್ಯಾಚ್ ಕಲಿಯುವ ಎಲ್ಲರಿಗೂ ಎದುರಾಗುವ ಮೊದಲ ಪಾಠವಂತೆ. ಅಂಚಿಗೆ ತಾಗಿದ ಚಿತ್ರ ಸುಮ್ಮನೆ ಮುಖ ತಿರುಗಿಸುವುದಿಲ್ಲ, ಗಡಿಯಾರದ ಮುಳ್ಳಿನಂತೆ ಇಡಿಯಾಗಿ ಅರ್ಧ ಸುತ್ತು ತಿರುಗುತ್ತದೆ. ಅದರಿಂದ ತಲೆಕೆಳಗಾಗುತ್ತದೆ. ‘ತಿರುಗುವ ಬಗೆ ಎಡ-ಬಲ ಮಾತ್ರ’ ಎಂದು ಒಂದು ತುಂಡು ಸೇರಿಸಿದರೆ ಸಾಕು, ನೆಟ್ಟಗಾಗುತ್ತದೆ.

ಸೇರಿಸಿದಳು. ಮೀನು ನೆಟ್ಟಗಾಯಿತು. ಕಣ್ಣೊರೆಸಿಕೊಂಡ ಮಗ ಬಹಳ ಹೊತ್ತು ನೋಡುತ್ತ ಕುಳಿತ. ಆಮೇಲೆ, ‘ಇದು ಎಂದೂ ಸಾಯಾಂಗಿಲ್ಲಲ್ಲ?’ ಎಂದು ಕೇಳಿದ.

‘ಇಲ್ಲ.’

‘ಇದಕ್ಕ ಹಸಿವೂ ಆಗಾಂಗಿಲ್ಲ?’

‘ಇಲ್ಲ.’

‘ಹಂಗಾದ್ರ ಇದು ಬ್ಯಾಡಗಿ ಅಲ್ಲ ಬಿಡ’ ಎಂದ.

ಕೊಳೆಯ ಲೆಕ್ಕ

ಅಕ್ಕ ತಮ್ಮ ಸೇರಿ ಮೀನಿಗೆ ಹಸಿವು ಕೊಡಲು ಹೊರಟರು. ಅದಕ್ಕಾಗಿ ಮೀನಿನ ಬದುಕಿನ ಬಗ್ಗೆ ಓದಬೇಕಾಯಿತು. ನಾನೂ ಜೊತೆಗೆ ಕುಳಿತೆ. ಎಂಟು ತಿಂಗಳು ಸಾಕಿದ ಮೇಲೆ ತಿಳಿದುಕೊಂಡದ್ದನ್ನು ತರುವ ಮೊದಲೇ ತಿಳಿದಿರಬೇಕಿತ್ತು.

ಮೀನು ತನ್ನ ಮೈಯ ಕಲ್ಮಶವನ್ನು ಹೆಚ್ಚಾಗಿ ಕಿವಿರುಗಳ ಮೂಲಕವೇ ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಹೊಳೆಯಲ್ಲಾದರೆ ಹರಿದು ಹೋಗುತ್ತದೆ, ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಅಲ್ಲಿ ಕಾಯುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯಕಾರಿಯಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಕಡಿಮೆಯಾಗುತ್ತದೆ. ಈ ಬ್ಯಾಕ್ಟೀರಿಯಾಗಳು ವಾಸ ಮಾಡುವುದು ಮುಖ್ಯವಾಗಿ ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲುಗಳಲ್ಲಿ. ನಮ್ಮ ಕಣ್ಣಿಗೆ ಪಾಚಿಯಂತೆ ಕಾಣುವ ಆ ಲೋಳೆಯೇ ಮೀನಿನ ಕಾವಲು.

ಮಕ್ಕಳು ಸ್ಕ್ರ್ಯಾಚ್‌ನಲ್ಲಿ ‘ಕೊಳೆ’ ಎಂದು ಒಂದು ಲೆಕ್ಕದ ಡಬ್ಬಿ ಮಾಡಿದರು. ತುಂಡುಗಳ ಮೇಲಿನ ಮಾತು ಇಂಗ್ಲಿಷಿನಲ್ಲಿದ್ದರೂ ಡಬ್ಬಿಗಳಿಗೆ ಕನ್ನಡದ ಹೆಸರೇ ಇಡಬಹುದು. ನಿಯಮ ಹೀಗೆ: ಮೀನಿನಿಂದ ದಿನಕ್ಕೆ 1 ಕೊಳೆ, ಪ್ರತಿ ಚಿಟಿಕೆ ಆಹಾರಕ್ಕೆ 1 ಕೊಳೆ. ಬ್ಯಾಕ್ಟೀರಿಯಾ ದಿನಕ್ಕೆ 3 ಕೊಳೆ ತಿನ್ನುತ್ತದೆ. ಕೊಳೆ 20 ದಾಟಿದರೆ ಮೀನು ಸಾಯುತ್ತದೆ. ಈ ಅಂಕಿಗಳೆಲ್ಲ ನಾವೇ ಇಟ್ಟುಕೊಂಡವು. ನಿಜದ ತೊಟ್ಟಿಯ ಅಳತೆಯಲ್ಲ, ಬರೀ ಆಟದ ಲೆಕ್ಕ.

ದಿನಕ್ಕೆ ಎರಡು ಚಿಟಿಕೆ ಹಾಕಿ ಓಡಿಸಿದರು. ಬಂದದ್ದು 3, ಹೋದದ್ದು 3. ಮೀನು ಎಷ್ಟು ದಿನವಾದರೂ ಬದುಕಿತು. ಮಗ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಬಂದ. ಬ್ಯಾಡಗಿಗೆ ಹಾಕಿದ ಪ್ರತಿ ಚಿಟಿಕೆಗೂ ಅವನು ಅದರಲ್ಲಿ ಗೀಟು ಎಳೆಯುತ್ತಿದ್ದ. ಮಾಮೂಲಿ ದಿನ ಎರಡು ಗೀಟು. ಹಬ್ಬದ ನಾಲ್ಕೂ ದಿನ ಐದೈದು.

ಐದು ಚಿಟಿಕೆ ಹಾಕಿ ಓಡಿಸಿದರು. ದಿನಕ್ಕೆ 6 ಬಂದು 3 ಹೋಗುತ್ತಿತ್ತು. ಏಳನೇ ದಿನ ಕೊಳೆ 21 ಆಯಿತು. ಮೀನು ಮಗುಚಿತು. ಈ ಸಲ ಅವನು ಅಳಲಿಲ್ಲ. ‘ನೋಡ, ನಾನs ಕೊಂದದ್ದು’ ಎಂದ, ಗಣಿತದ ಉತ್ತರ ಹೇಳಿದ ಹಾಗೆ.

‘ಆದರ ಏಳು ದಿನ ಬೇಕಲ್ಲೋ’ ಎಂದಳು ಅಕ್ಕ. ‘ಹಬ್ಬ ನಾಲ್ಕs ದಿನ. ಲೆಕ್ಕ ಕೂಡವಲ್ದು.’

ಹೊಳೆಯ ಮಾತು

ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದ ನಮ್ಮ ಮಾವ ಬಾಯಿ ಹಾಕಿದರು. ‘ನಾ ಒಂದಲ್ಲ, ಹೊಳಿ ತುಂಬ ಸತ್ತ ಮೀನು ನೋಡೀನಿ.’

ಅದು 1980ರ ದಶಕದ ಮಾತು. ಆಗ ನಮ್ಮ ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ತುಂಗಭದ್ರೆಯ ನೀರು ಕಾರ್ಖಾನೆಯ ಕೊಳೆಯಿಂದ ಕೆಟ್ಟು ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಹೊಳೆಯನ್ನೇ ನಂಬಿದ್ದ ಮೀನುಗಾರರ ಬಲೆ ಒಣಗಿತು. ನಮ್ಮ ಮೇಡ್ಲೇರಿಯಲ್ಲಿ ನೆಲೆ ಮಾಡಿ ಗ್ರಾಮಾಭಿವೃದ್ಧಿಯ ಕೆಲಸ ಮಾಡುತ್ತಿದ್ದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ಹಳ್ಳಿಯ ಜನರ ಜೊತೆ ನಿಂತರು. 1984ರಲ್ಲಿ ಹುಟ್ಟಿದ ‘ಸಮಾಜ ಪರಿವರ್ತನ ಸಮುದಾಯ’ದ ಮೊದಮೊದಲ ಹೋರಾಟಗಳಲ್ಲಿ ಈ ಹೊಳೆಯ ನೀರಿನದೂ ಒಂದು.

‘ನೀರು ಕೆಡಿಸಿದ್ದು ಯಾರು ಅಂತ ಹೇಳಿಸಾಕs ವರ್ಷಗಟ್ಟಲೆ ಓಡ್ಯಾಡಬೇಕಾತು’ ಎಂದರು ಮಾವ. ‘ಮೀನು ಸತ್ತದ್ದು ಎಲ್ಲಾರಿಗೂ ಕಾಣತೈತಿ. ನಾ ಮಾಡಿದ್ದು ಅಂತ ಯಾರೂ ಮುಂದ ಬರಾಂಗಿಲ್ಲ.’

ಅವರು ಹೊಳೆಯ ಬಗ್ಗೆ ಹೇಳುತ್ತಿದ್ದರು. ನನಗೆ ಮಾತ್ರ ಕುಳಿತಲ್ಲಿ ಕೂರಲಾಗಲಿಲ್ಲ.

‘ಇನ್ನೊಂದು ಡಬ್ಬಿ ಮಾಡ್ರಿ’ ಎಂದೆ ಮಕ್ಕಳಿಗೆ. ‘ಬ್ಯಾಕ್ಟೀರಿಯಾ ತಿನ್ನೂದು 3 ಅಂತ ಇಟ್ಟೀರಲ್ಲ, ಅದನ್ನ ಸೊನ್ನೆ ಮಾಡ್ರಿ.’

‘ಯಾಕ?’

ಹೇಳಿದೆ. ನೀರು ತುಂಬುವ ಹಬ್ಬದ ಮುಂಜಾನೆ ಮನೆಯ ಹಂಡೆ, ಕೊಡ, ಬಕೆಟ್ ಎಲ್ಲ ತಿಕ್ಕಿ ತೊಳೆದು ಹೊಸ ನೀರು ತುಂಬಿದೆ. ನೆಂಟರು ಬರುವವರಿದ್ದರು, ತೊಟ್ಟಿ ಹೊಲಸಾಗಿ ಕಂಡಿತು. ಮಗ ಇನ್ನೂ ಮಲಗಿದ್ದ. ಬ್ಯಾಡಗಿಯನ್ನು ಪಾತ್ರೆಯಲ್ಲಿ ಬಿಟ್ಟು ತೊಟ್ಟಿಯ ನೀರನ್ನೆಲ್ಲ ಚೆಲ್ಲಿದೆ. ಕಲ್ಲು ತಿಕ್ಕಿದೆ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವ ತನಕ ಹಿಂಡಿದೆ. ನಲ್ಲಿಯ ನೀರನ್ನೇ ಸೀದಾ ತುಂಬಿ ಮೀನು ಬಿಟ್ಟೆ. ಫಳಫಳ ಹೊಳೆಯುವ ತೊಟ್ಟಿ ನೋಡಿ ನೆಂಟರು ಹೊಗಳಿದಾಗ ಖುಷಿಪಟ್ಟೆ.

ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದು ನಮ್ಮ ಒಳ್ಳೆಯದಕ್ಕೆ, ರೋಗಾಣು ಸಾಯಲೆಂದು. ಅದೇ ಕ್ಲೋರಿನ್ ತೊಟ್ಟಿಯ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಸುಡುತ್ತದೆ. ಮೀನಿಗೆ ಒಂದು ಚಿಟಿಕೆ ಹೆಚ್ಚಾಗುವುದು ಬೇರೆ, ಕಾವಲಿನವರನ್ನೇ ಮನೆಯಿಂದ ಹೊರಗೆ ಹಾಕುವುದು ಬೇರೆ.

ಮಗಳು ಸೊನ್ನೆ ಹಾಕಿ ಓಡಿಸಿದಳು. ಐದು ಚಿಟಿಕೆ, ದಿನಕ್ಕೆ 6 ಕೊಳೆ, ತಿನ್ನುವವರು ಯಾರೂ ಇಲ್ಲ. 6, 12, 18. ನಾಲ್ಕನೇ ದಿನ 24. ಮೀನು ಮಗುಚಿತು.

ಆಟದ ಲೆಕ್ಕ ಸಾಕ್ಷಿಯಲ್ಲ ಎಂದು ನನಗೆ ಗೊತ್ತು. ಆದರೂ ನಾಲ್ಕು ದಿನ ಎಂದು ಪರದೆಯ ಮೇಲೆ ಕಂಡಾಗ ಯಾರೂ ಮಾತಾಡಲಿಲ್ಲ.

‘ಮೊದಲs ಯಾಕ ಹೇಳಲಿಲ್ಲ?’ ಎಂದು ಮಗ ಕೇಳಿದ.

‘ಹೆದರಿಕಿ ಆತು’ ಎಂದೆ.

ಅವನಿಗೆ ಅದು ಅರ್ಥವಾಯಿತು ಎಂದು ಕಾಣುತ್ತದೆ. ಸಿಟ್ಟಾಗಿ ಒಂದು ದಿನ ಮಾತು ಬಿಟ್ಟ. ಆದರೆ ಆ ರಾತ್ರಿ ಅವನು ಗೋಡೆಯ ಕಡೆ ತಿರುಗಿ ಮಲಗಲಿಲ್ಲ.

ಖಾಲಿ ತೊಟ್ಟಿಗೆ ಊಟ

ಹೊಸ ಮೀನು ತರೋಣ ಎಂದು ನಾನೇ ಅವಸರ ಮಾಡಿದೆ. ಮಗ ಒಪ್ಪಲಿಲ್ಲ. ‘ಮೊದಲು ಕಾವಲಿನವರು ಬರಲಿ’ ಎಂದ. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯ ತನಕ ಅವುಗಳಿಗೆ ಉಣ್ಣಲು ಅಮೋನಿಯಾ ಬೇಕು. ಅದಕ್ಕೆ ಮೀನಿಲ್ಲದ ತೊಟ್ಟಿಗೇ ದಿನಕ್ಕೆ ಒಂದು ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಡಬೇಕು. ಖಾಲಿ ತೊಟ್ಟಿಗೆ ಮೊಮ್ಮಗ ಊಟ ಹಾಕುವುದನ್ನು ನೋಡಿ ಅತ್ತೆ ಮೊದಲ ದಿನ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅವನೇ ಅಜ್ಜಿಗೆ ಪಾಠ ಹೇಳಿದ.

ಅಂಚೆಯಲ್ಲಿ ನೀರು ಪರೀಕ್ಷೆಯ ಹನಿಗಳನ್ನು ತರಿಸಿದೆವು. ಸೀಸೆಯ ನೀರಿಗೆ ಹನಿ ಹಾಕಿ, ಬಣ್ಣ ಹೋಲಿಸಿ ಅಂಕಿ ಬರೆಯುವುದು. ಬರೆದದ್ದು ‘ಲಿಬ್ರೆಆಫೀಸ್’ನ ಲೆಕ್ಕದ ಹಾಳೆಯಲ್ಲಿ. 2010ರಲ್ಲಿ ಶುರುವಾದ ಈ ಸ್ವತಂತ್ರ ತಂತ್ರಾಂಶ ತಮ್ಮ ಇಳಿಸಿಕೊಟ್ಟ ಮೂರನೆಯ ಸಾಧನ. ದಿನಾಂಕ, ಅಮೋನಿಯಾ, ನೈಟ್ರೈಟ್ ಎಂದು ಮೂರು ಕಂಬ ಸಾಲು. ಅಂಕಿಗಳ ಮೇಲೆ ಎಳೆದು ನಕ್ಷೆಯ ಗುಂಡಿ ಒತ್ತಿದರೆ ಗೆರೆ ಮೂಡುತ್ತದೆ. ಮೊದಲ ಎರಡು ವಾರ ಅಮೋನಿಯಾ ಗುಡ್ಡದಂತೆ ಏರಿತು. ಅದು ಇಳಿಯುವಾಗ ಅದರ ಬೆನ್ನ ಹಿಂದೆ ನೈಟ್ರೈಟಿನ ಇನ್ನೊಂದು ಗುಡ್ಡ ಎದ್ದಿತು. ಎರಡೂ ಇಳಿದು ಸೊನ್ನೆಯಲ್ಲಿ ನಿಂತರೆ ತೊಟ್ಟಿ ತಯಾರಾದಂತೆ. ಮೂರು ಸಾಧನಗಳಲ್ಲಿ ಮಗನಿಗೆ ಕಡೆಗೆ ಹೆಚ್ಚು ಇಷ್ಟವಾದದ್ದು ಈ ಬೇಸರದ ಲೆಕ್ಕದ ಹಾಳೆಯೇ.

ಓದುವಾಗ ಇನ್ನೊಂದು ಸಂಗತಿ ಸಿಕ್ಕಿತು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟದಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತಂತೆ. ‘ನಮ್ಮದು ಎಂಟs ತಿಂಗಳು’ ಎಂದ ಮಗ. ನಾನು ತಲೆ ತಗ್ಗಿಸಿದೆ. ಅವನು ಬೆರಳು ಮಡಚಿ ಏನೋ ಎಣಿಸಿ, ‘ಹೊಸಾದು 43 ವರ್ಷ ಇದ್ರ ನನಗ 53 ಆಗತೈತಿ’ ಎಂದ.

ನೀವೂ ಮಾಡಿ ನೋಡುವುದಾದರೆ

ಮೀನು ಸಾಕುವವರು ತೊಟ್ಟಿಯ ನೀರನ್ನು ಒಮ್ಮೆಗೇ ಚೆಲ್ಲಬೇಡಿ. ವಾರಕ್ಕೊಮ್ಮೆ ಕಾಲುಭಾಗ ಬದಲಿಸಿದರೆ ಸಾಕು. ನಲ್ಲಿಯ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು, ಒಂದು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಮೆಲ್ಲಗೆ ಹಿಂಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಗುಂಡನೆಯ ಚಿಕ್ಕ ಬಟ್ಟಲು ಗೋಲ್ಡ್‌ಫಿಶ್‌ಗೆ ಮನೆಯಲ್ಲ. ಬೇಸಿಗೆಯಲ್ಲಿ ಇನ್ನೂ ಎಚ್ಚರ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ.

ಕಂಪ್ಯೂಟರ್ ಸಾಧನಗಳನ್ನು ಅವುಗಳ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ‘ಫ್ರೀ’ ಎಂದು ಕಂಡಕೂಡಲೇ ಒತ್ತದೆ, ಕಾರ್ಡಿನ ನಂಬರ್, ಫೋನ್ ನಂಬರ್ ಕೇಳುತ್ತದೆಯೇ ನೋಡಿ. ಕೇಳಿದರೆ ಅದು ಗಾಳ. ಮಕ್ಕಳನ್ನು ಒಬ್ಬರನ್ನೇ ಕೂರಿಸಬೇಡಿ, ಜೊತೆಗೆ ಕುಳಿತುಕೊಳ್ಳಿ. ನಾನು ಕುಳಿತದ್ದರಿಂದಲೇ ನನ್ನ ಮಾತು ಹೊರಗೆ ಬಂದದ್ದು.

ನಿನ್ನೆಯ ಅಂಕಿ: ಅಮೋನಿಯಾ ಸೊನ್ನೆ, ನೈಟ್ರೈಟ್ ಇನ್ನೂ ಚೂರು ಇದೆ. ಸಂಕ್ರಾಂತಿ ಹೊತ್ತಿಗೆ ರಾಣೆಬೆನ್ನೂರಿಗೆ ಹೋಗುವುದೆಂದು ಮಗ ಹೇಳಿದ್ದಾನೆ. ನನಗೂ ಒಂದು ಕೆಲಸ ಕೊಟ್ಟಿದ್ದಾನೆ. ಅಂಗಳದಲ್ಲಿ ಬಕೆಟ್ ತುಂಬಿಸಿ ಇಡುವುದು. ಯಾರೂ ಮುಟ್ಟದಿರಲಿ ಎಂದು ಅದರ ಮೇಲೆ ಸುಣ್ಣದ ಬಳಪದಿಂದ ಅವನೇ ಬರೆದಿದ್ದಾನೆ: ‘ನಾಳೆಯ ನೀರು.’